ಮಲೆನಾಡಿನ ಹೆಗಲಿಗೆ ಯಾವ ಕೋವಿ?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ರೈತರ ಮನೆಗಳಲ್ಲಿರುವ ಪರವಾನಗಿ ಕೋವಿಗಳು ಬಹುಪಾಲು ಬೆಳೆ ರಕ್ಷಣೆಯ ಹೆಸರಿನಲ್ಲಿ ಬಂದವು. ಆ ಒಂದು ಕೋವಿಯಿಂದ ಏನೇನು ಆಗಬೇಕು ಎಂದು ಕೇಳಿಕೊಂಡರೆ ತೊಡಕು ತಾನಾಗಿ ಕಾಣುತ್ತದೆ. ಭತ್ತ ಹಾಲುಗಟ್ಟುವ ಹೊತ್ತಿಗೆ ರಾತ್ರಿ ಮಾಳದಲ್ಲಿ ಕೂತು ಹಂದಿಗೆ ಕಾಯಬೇಕು. ಹಗಲು ತೋಟಕ್ಕೆ ನುಗ್ಗುವ ಮಂಗನ ಹಿಂಡನ್ನು ಅಟ್ಟಬೇಕು. ಗುಡ್ಡ ಹತ್ತಿ, ದರೆ ಇಳಿದು, ಹಳ್ಳ ದಾಟುವಾಗ ಹೆಗಲಿಗೆ ಹೊರೆಯಾಗಬಾರದು. ಆಗುಂಬೆ, ಹುಲಿಕಲ್ಲಿನ ಮಳೆಯಲ್ಲೂ ಕೈಕೊಡಬಾರದು. ಎಲ್ಲಾದರೂ ಗುರಿ ಹೊಡೆಯುವ ಪಂದ್ಯ ನಡೆದರೆ ಅಲ್ಲಿಗೂ ಒಯ್ಯುವಂತಿದ್ದರೆ ಇನ್ನೂ ಒಳ್ಳೆಯದು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಹೆಚ್ಚಿನ ಮನೆಗಳಿಗೆ ಒಂದನ್ನು ಕೊಂಡು ಸಾಕುವುದೇ ಸಾಕಾಗಿದೆ. ಹಾಗಾಗಿ ಎಲ್ಲಕ್ಕೂ ಒದಗುವ, ಹಗುರವಾದ ಕೋವಿ ಯಾವುದು ಎಂಬ ಚರ್ಚೆ ನಮ್ಮ ಕಡೆ ಇವತ್ತಿನದಲ್ಲ.

ಈ ಚರ್ಚೆಯಲ್ಲಿ ನಾನು ಯಾವ ಕಡೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಗೆ ಅರೆಬರೆ ಗಾಯ ಮಾಡಿ ಹಳುವಿನಲ್ಲಿ ನರಳಿ ಸಾಯಲು ಬಿಡುವ ಕೋವಿ ಎಷ್ಟು ಹಗುರವಾಗಿದ್ದರೂ, ಎಷ್ಟು ಅಗ್ಗವಾಗಿದ್ದರೂ ಅದು ಕೆಟ್ಟ ಕೋವಿ. ತೂಕದ ಮಾತು ಅದಾದ ಮೇಲಿನದು.

ಕೋವಿ ನಡೆದು ಬಂದ ದಾರಿ

ಮದ್ದು ಈ ನೆಲಕ್ಕೆ ಹಳೆಯ ಪರಿಚಯ. ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ, 1763ರಲ್ಲಿ ಹೈದರಾಲಿಯ ವಶವಾಯಿತು. ಅದೇ ನಗರದ ಪಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಯುದ್ಧ ರಾಕೆಟ್‌ಗಳು ಸಿಕ್ಕವು. ಕೊಳವೆಯೊಳಗೆ ಮದ್ದು ಗಟ್ಟಿಸಿ ಹಾರಿಸುವ ವಿದ್ಯೆ ಘಟ್ಟದ ನೆತ್ತಿಯ ಈ ಊರಿಗೆ ಹೈದರ್, ಟಿಪ್ಪು ಕಾಲಕ್ಕೇ ಚೆನ್ನಾಗಿ ಗೊತ್ತಿತ್ತು.

ರೈತರ ಬೇಟೆ ಮಾತ್ರ ಬಹುಕಾಲ ಈಟಿ, ಬಲೆ, ಉರುಳು, ನಾಯಿಗಳದ್ದೇ ಆಗಿತ್ತು. ಕೋವಿ ಬಂದ ಮೇಲೂ ಅದು ಇದ್ದದ್ದು ಒಡೆಯರ ಮನೆಯ ಗೋಡೆಯಲ್ಲಿ. ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' (1933) ಮತ್ತು 'ಕಾನೂರು ಹೆಗ್ಗಡತಿ' (1936) ಓದಿದವರಿಗೆ ಆ ಲೋಕ ಗೊತ್ತು. ಆಳುಗಳು ಸೋವಿಗೆ ಹೋಗಿ ಹಳು ಬಡಿಯುತ್ತಾರೆ, ಕೋವಿ ಇದ್ದವರು ಪ್ರಾಣಿ ಬರುವ ದಾರಿ ಕಾದು ಬಿಲ್ಲಿಗೆ ನಿಲ್ಲುತ್ತಾರೆ. ಒಬ್ಬರೇ ಹೊರಟರೆ ಮರಸು, ಅಂದರೆ ಅಡಗಿ ಕೂರುವುದು. ಅಲ್ಲಿ ಕೋವಿಯ ತೂಕ ದೊಡ್ಡ ವಿಷಯವಾಗಿರಲಿಲ್ಲ, ಹೊರಲು ಜನರಿದ್ದರು. ಹೊರಗಿನಿಂದ ಬಂದ ಶಿಕಾರಿಗಳ ಸಂಪ್ರದಾಯ ಬೇರೆಯೇ. ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಶಿವಮೊಗ್ಗ ಜಿಲ್ಲೆಯ ತ್ಯಾಗರ್ತಿಯ ಹುಲಿಗಳಿಗೆ ಒಂದು ಅಧ್ಯಾಯವಿದೆ. ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್ ರೈಫಲ್. ಅದು ಹುಲಿಗೆಂದೇ ಆರಿಸಿಕೊಂಡ ಆಯುಧ. ಗದ್ದೆ ಕಾಯುವವನ ಅಗತ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಡೀ ಪ್ರಶ್ನೆಯ ಸ್ವರೂಪ ಬದಲಾದದ್ದು ಎರಡೇ ವರ್ಷಗಳ ಅಂತರದಲ್ಲಿ. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಹೂಡಿದ ಸತ್ಯಾಗ್ರಹದಿಂದ ಮೊಳೆತ ಬೇಡಿಕೆ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ಫಲ ಕಂಡಿತು. ಉಳುವವನಿಗೆ ಭೂಮಿ ಬಂತು. ಬೆಳೆ ತನ್ನದಾದ ಮೇಲೆ ಅದರ ಕಾವಲೂ ತನ್ನದೇ ಆಯಿತು. ಅದಕ್ಕೆ ಸ್ವಲ್ಪ ಮುಂಚೆ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಗೆ ಬಿಗಿ ಕಡಿವಾಣ ಬಿದ್ದಿತ್ತು. ಅದೇ ವರ್ಷ ಶರಾವತಿ ಕಣಿವೆ ಅಭಯಾರಣ್ಯವಾಯಿತು. ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳಿಗೂ ಚಾಚಿಕೊಂಡಿರುವ ಶೆಟ್ಟಿಹಳ್ಳಿ 1974ರಲ್ಲಿ ಅಭಯಾರಣ್ಯವಾಯಿತು. ಹೀಗೆ ಸಣ್ಣ ರೈತ ಮೊದಲ ಬಾರಿಗೆ ಸ್ವಂತ ಕೋವಿಯ ಆಸೆ ಇಟ್ಟುಕೊಳ್ಳುವ ಹೊತ್ತಿಗೆ ಆ ಕೋವಿಯಿಂದ ಏನು ಮಾಡಬಹುದು ಎಂಬುದು ಬಹಳ ಕಿರಿದಾಗಿತ್ತು. ಈ ಇಕ್ಕಟ್ಟನ್ನು ಮರೆತು ಕೋವಿಯ ಬಗ್ಗೆ ಮಾತಾಡಿದರೆ ಅದು ಗತಕಾಲದ ಹಳಹಳಿಕೆಯಾಗುತ್ತದೆ.

ಕೇಪಿನ ಕೋವಿ ಸಾಕು ಎನ್ನುವವರು

ಮೊದಲ ಪಕ್ಷದ ಬೆನ್ನಿಗೆ ಕಾನೂನೇ ಇದೆ. 1959ರ ಶಸ್ತ್ರ ಕಾಯ್ದೆಯ 13ನೇ ಕಲಂ ಪ್ರಕಾರ ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಕೇಳುವವರಿಗೆ ಕೊಡಬೇಕಾದದ್ದು ಬಾಯಿಂದ ಮದ್ದು ತುಂಬುವ ಕೋವಿ, ನಮ್ಮ ಮಾತಿನಲ್ಲಿ ಕೇಪಿನ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಕನಿಷ್ಠ 20 ಇಂಚು ಉದ್ದದ, ಒಳಮೈ ನಯವಾದ ನಳಿಗೆಯ ಬೇರೆ ಕೋವಿ ಕೊಡಬಹುದು. ಕಾಯ್ದೆ ಬರೆದವರ ಲೆಕ್ಕ ಅರ್ಥವಾಗುತ್ತದೆ. ಕೇಪಿನ ಕೋವಿಯಲ್ಲಿ ಒಮ್ಮೆಗೆ ಒಂದೇ ಈಡು. ಮದ್ದು ಸುರಿದು, ಬಟ್ಟೆಯೋ ನಾರೋ ತುರುಕಿ, ಚರೆ ಹಾಕಿ, ಗಜದಿಂದ ಗಟ್ಟಿಸಿ, ಕೇಪು ಇಡುವಷ್ಟರಲ್ಲಿ ನಿಮಿಷ ಕಳೆಯುತ್ತದೆ. ಅಂಥ ಕೋವಿಯಿಂದ ಊರಿನಲ್ಲಿ ದೊಡ್ಡ ಅನಾಹುತ ಆಗುವ ಸಂಭವ ಕಡಿಮೆ.

ಈ ಪಕ್ಷದ ರೈತರು ಇನ್ನೂ ಕೆಲವು ಗುಣ ಹೇಳುತ್ತಾರೆ. ಒಂಟಿ ನಳಿಗೆಯಾದ್ದರಿಂದ ಹೊರೆ ಕಡಿಮೆ. ತೋಟಾಕ್ಕಾಗಿ ಶಿವಮೊಗ್ಗಕ್ಕೆ ಓಡಬೇಕಿಲ್ಲ. ಮದ್ದಿನ ಅಳತೆಯನ್ನು ಕೆಲಸಕ್ಕೆ ತಕ್ಕಂತೆ ಹಾಕಿಕೊಳ್ಳಬಹುದು, ಬರೀ ಸದ್ದು ಬೇಕಿದ್ದರೆ ಚರೆಯನ್ನೇ ಬಿಡಬಹುದು. ಈ ಕೊನೆಯ ಮಾತಿನಲ್ಲಿ ನಿಜ ತೂಕವಿದೆ. ಬೆಳೆ ಕಾಯುವವನಿಗೆ ಬೇಕಾದದ್ದು ಹೆಚ್ಚಿನ ಸಲ ಸದ್ದೇ.

ಆದರೆ ಮಲೆನಾಡಿನ ಮಳೆ ಈ ಕೋವಿಯ ಶತ್ರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಕರಿಮದ್ದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅದರಲ್ಲಿನ ಪೆಟ್ಲುಪ್ಪು ಶುದ್ಧವಿಲ್ಲದಿದ್ದರೆ ಇನ್ನೂ ಬೇಗ. ಸಂಜೆ ತುಂಬಿಟ್ಟ ಈಡು ಬೆಳಗಿನ ಜಾವಕ್ಕೆ ಕೇಪು ಮಾತ್ರ ಸಿಡಿದು ಸುಮ್ಮನಾಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಮದ್ದು ಅರ್ಧ ಹೊತ್ತಿ ಚರೆ ಬಲವಿಲ್ಲದೆ ಹೋಗುವುದು, ಇಲ್ಲವೇ ಒಂದೆರಡು ಕ್ಷಣ ತಡೆದು ಹಾರುವುದು. ಹಾರಲಿಲ್ಲವೆಂದು ನಳಿಗೆಯೊಳಗೆ ಇಣುಕಿದವರ ಕಥೆ ಮಲೆನಾಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಕಿದ ಮದ್ದಿನ ಮೇಲೆ ಮರೆತು ಇನ್ನೊಮ್ಮೆ ಮದ್ದು ಹಾಕಿದರೆ ನಳಿಗೆಯೇ ಸೀಳಬಹುದು. ದಪ್ಪ ತೊಗಲಿನ ಹಂದಿಗೆ ಬಲವಿಲ್ಲದ ಚರೆ ತಾಗಿದರೆ ಅದು ಸಾಯುವುದಿಲ್ಲ, ಗಾಯ ಹೊತ್ತು ಓಡುತ್ತದೆ. ಮರುದಿನ ಸೊಪ್ಪಿಗೆ, ದರಗಿಗೆ ಬೆಟ್ಟಕ್ಕೆ ಹೋದವರು ಅದರ ಕೋಪಕ್ಕೆ ಸಿಗುತ್ತಾರೆ. ಸುರಕ್ಷತೆಗೆಂದು ಕಾಯ್ದೆ ಮುಂದೆ ಮಾಡಿದ ಕೋವಿ, ಹಿಡಿದವನಿಗೂ ಎದುರಿನ ಪ್ರಾಣಿಗೂ ಹೆಚ್ಚು ಅಪಾಯದ್ದು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ತೋಟಾ ಕೋವಿಯವರು ಮತ್ತು ತೂಕದ ಲೆಕ್ಕ

ಎರಡನೆಯ ಪಕ್ಷದ್ದು 12 ಬೋರಿನ ತೋಟಾ ಕೋವಿ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಅಂಥ ಒಂದು ಗುಂಡು ಹಿಡಿಸುವ ನಳಿಗೆ ಅದು, ಸುಮಾರು 18.5 ಮಿಲಿಮೀಟರ್ ಒಳಗಲ. ಬಹುಪಯೋಗಿ ಎಂಬ ಮಾತು ನಿಜವಾಗಿ ಸಲ್ಲುವುದು ಇದಕ್ಕೆ. ಕೋವಿ ಅದೇ ಇರುತ್ತದೆ, ತೋಟಾ ಬದಲಾದರೆ ಕೆಲಸ ಬದಲಾಗುತ್ತದೆ. ಸಣ್ಣ ಚರೆಯ 6, 8ನೇ ನಂಬರ್ ಒಂದು ಕಡೆ, ಬೆರಳೆಣಿಕೆಯ ದಪ್ಪ ಚರೆಯ ಎಲ್‌ಜಿ, ಎಸ್‌ಜಿ ಇನ್ನೊಂದು ಕಡೆ. ಜೋಡಿ ನಳಿಗೆಯಾದರೆ ಎರಡಕ್ಕೂ ಎರಡು ಬಗೆಯ ತೋಟಾ ಹಾಕಿಕೊಳ್ಳಬಹುದು. ಸಾಮಾನ್ಯವಾಗಿ ಒಂದು ನಳಿಗೆಯ ಬಾಯಿ ಬಿಗಿಯಾಗಿಯೂ ಇನ್ನೊಂದರದು ಸಡಿಲವಾಗಿಯೂ ಇರುವುದರಿಂದ ಚರೆ ಹರಡುವ ಅಂತರವೂ ಎರಡು ತೆರ. ಆರ್ಡ್‌ನೆನ್ಸ್ ಕಾರ್ಖಾನೆಯ ಶಕ್ತಿಮಾನ್ ತೋಟಾ ಮಳೆಗಾಲದಲ್ಲೂ ಕೇಪಿನ ಮದ್ದಿನಂತೆ ಬೇಗ ಕೆಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲು ತೆರೆದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ತೋಟಾ ತೆಗೆದು ಜೇಬಿಗೆ ಹಾಕಿಕೊಂಡು ಸಂಕ ದಾಟಬಹುದು, ಬೇಲಿ ಹಾರಬಹುದು. ತುಂಬಿದ ಕೇಪಿನ ಕೋವಿಯನ್ನು ಹಾಗೆ ಖಾಲಿ ಮಾಡಲು ಹಾರಿಸುವುದೇ ಸುಲಭದ ದಾರಿ.

ಒಂಟಿಯೋ ಜೋಡಿಯೋ ಎಂಬ ಒಳಜಗಳ ಇಲ್ಲಿದೆ. ಒಂಟಿ ನಳಿಗೆಯದು ಹೆಚ್ಚಾಗಿ 3 ಕೆಜಿಯೊಳಗೆ ಇರುತ್ತದೆ, ಜೋಡಿಯದು 3ರಿಂದ 3.5 ಕೆಜಿ. ಹತ್ತು ತೋಟಾ ಇಟ್ಟುಕೊಂಡರೆ ಅರ್ಧ ಕೆಜಿಯಷ್ಟು ಸೇರುತ್ತದೆ. ಕೊಡಚಾದ್ರಿಯ ಬುಡದ ಊರುಗಳಲ್ಲಿ ಮನೆಯಿಂದ ಗದ್ದೆಗೇ ಒಂದು ಏರು, ಒಂದು ಇಳಿಜಾರು. ಅಲ್ಲಿ ಅರ್ಧ ಕೆಜಿಯೂ ಗೊತ್ತಾಗುತ್ತದೆ. ಆದರೆ ತೂಕ ಇಳಿಸಿದ್ದಕ್ಕೆ ಬೆಲೆ ಕೊಡುವುದು ಭುಜ. ತೋಟಾ ಅದೇ ಆಗಿದ್ದು ಕೋವಿ 3.2 ಕೆಜಿಯಿಂದ 2.6ಕ್ಕೆ ಇಳಿದರೆ ಹಿಂದೊದೆತದ ಶಕ್ತಿ ಹೆಚ್ಚುಕಡಿಮೆ ಕಾಲುಭಾಗ ಏರುತ್ತದೆ. ಒದೆತಕ್ಕೆ ಹೆದರಿದವನು ಕುದುರೆ (ಟ್ರಿಗರ್) ಎಳೆಯುವ ಹೊತ್ತಿಗೆ ಕಣ್ಣು ಮುಚ್ಚುತ್ತಾನೆ, ನಳಿಗೆ ಕದಲುತ್ತದೆ, ಮತ್ತೆ ಅರೆಗಾಯದ ಪ್ರಾಣಿ. ಹಗುರ ನಳಿಗೆ ಬೇಗ ತಿರುಗುತ್ತದೆ ನಿಜ, ಆದರೆ ಬೇಗ ಅಲುಗಾಡುತ್ತದೆ ಕೂಡ. 20 ಬೋರ್, .410 ಕೋವಿಗಳು ಹಗುರವೂ ಮೃದುವೂ ಹೌದು, ಆದರೆ ಸುಲಭಕ್ಕೆ ಸಿಗುವ ತೋಟಾ 12 ಬೋರಿನದೇ. ತೋಟಾ ಸಿಗದ ಕೋವಿ ಗೋಡೆಯ ಮೇಲೇ ಉಳಿಯುತ್ತದೆ.

ಹಾಗಾಗಿ ಹೆಗಲ ಹೊರೆ ಇಳಿಸಬೇಕೆಂದಿದ್ದರೆ ಕೋವಿಯನ್ನು ಬಿಟ್ಟು ಉಳಿದದ್ದರಲ್ಲಿ ಇಳಿಸುವುದು ಜಾಣತನ. ಈ ವಿಷಯದಲ್ಲಿ ಮಲೆನಾಡಿನ ಹಿರಿಯರು ಯಾರಿಂದಲೂ ಕಲಿಯಬೇಕಿರಲಿಲ್ಲ. ಕಂಬಳಿ ಕೊಪ್ಪೆಯೇ ಮಳೆಗೆ ಮರೆ, ಚಳಿಗೆ ಹೊದಿಕೆ, ಮಾಳದಲ್ಲಿ ಹಾಸಿಗೆ. ಸೊಂಟದ ಕೊಕ್ಕೆಯಲ್ಲಿ ಒಂದು ಕತ್ತಿ, ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು. ನೆನೆದ ಕಂಬಳಿಯ ಭಾರಕ್ಕೆ ಬದಲಾಗಿ ಈಗ ತೆಳುವಾದ ರೇನ್‌ಕೋಟು ಬಂದಿದೆ, ಐದು ಸೆಲ್ಲಿನ ಬ್ಯಾಟರಿಯ ಜಾಗಕ್ಕೆ ಹಣೆಗೆ ಕಟ್ಟುವ ಎಲ್‌ಇಡಿ ಹೆಡ್‌ಲೈಟು ಬಂದಿದೆ. ಎರಡೂ ಕೈಗೆ ಬಿಡುವು ಮಾಡಿಕೊಟ್ಟ ಹೆಡ್‌ಲೈಟು ನಿಜವಾದ ಅನುಕೂಲ. ಆದರೆ ಅದರ ಬೆಳಕಿನಲ್ಲಿ ಕಣ್ಣು ಹೊಳೆದದ್ದೇ ತಡ ಈಡು ಹೊಡೆಯುವ ಚಟಕ್ಕೆ ಜನರೂ, ಜಾನುವಾರೂ ಬಲಿಯಾಗಿದ್ದಾರೆ. ಮೈ ಪೂರ್ತಿ ಕಾಣದೆ ಕುದುರೆಗೆ ಬೆರಳು ಹಾಕಬಾರದು ಎಂಬುದಕ್ಕೆ ಯಾವ ಸಲಕರಣೆಯೂ ಬದಲಿಯಲ್ಲ.

ರೈಫಲ್ ಯಾಕಾಗದು ಎಂದು ಕೇಳುವವರೂ ಇದ್ದಾರೆ. ಉತ್ತರ ಚಿಕ್ಕದು. .22 ಗುಂಡು ಕೂಡ ಮೈಲಿಯಷ್ಟು ದೂರ ಹೋಗಬಲ್ಲದು. ನಮ್ಮದು ಗುಡ್ಡಕ್ಕೊಂದು ಕಣಿವೆಗೊಂದು ಒಂಟಿಮನೆಗಳ ಊರು, ಹಳುವಿನಾಚೆ ಯಾರ ಅಂಗಳವಿದೆಯೋ ಹೇಳಲಾಗದು. ಚರೆಯ ಖಚಿತ ಪರಿಣಾಮ 35–40 ಮೀಟರಿಗೆ ಮುಗಿಯುವುದು ಇಲ್ಲಿ ಕೊರತೆಯಲ್ಲ, ಗುಣ.

ಗುರಿ ಪಂದ್ಯದ ಕೋವಿ ಬೇರೆ ಜಾತಿಯದು

ಒಂದೇ ಕೋವಿ ಗದ್ದೆಗೂ ಪಂದ್ಯಕ್ಕೂ ಆಗಬೇಕೆಂಬ ಆಸೆ ಹೆಚ್ಚು ದೂರ ಹೋಗುವುದಿಲ್ಲ. ಪಂದ್ಯದಲ್ಲಿ ತೂಕವೇ ಸ್ಥಿರತೆ. ಅಂತರರಾಷ್ಟ್ರೀಯ ನಿಯಮದಲ್ಲಿ 10 ಮೀಟರ್ ಏರ್ ರೈಫಲ್ 5.5 ಕೆಜಿಯವರೆಗೆ ತೂಗಬಹುದು. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅದನ್ನು ಹೊತ್ತು ಗುಡ್ಡ ಹತ್ತುವ ಮಾತೇ ಇಲ್ಲ. ಹಾರುವ ಮಣ್ಣಿನ ಬಿಲ್ಲೆ ಹೊಡೆಯುವ ಟ್ರ್ಯಾಪ್, ಸ್ಕೀಟ್ ಪಂದ್ಯಗಳದ್ದು 12 ಬೋರೇ ಆದರೂ ತೋಟಾದಲ್ಲಿ 24 ಗ್ರಾಂ ಸಣ್ಣ ಚರೆ ಮಾತ್ರ.

ಕಾನೂನೂ ಇವೆರಡನ್ನು ಬೇರೆ ಮಾಡಿಯೇ ಇಟ್ಟಿದೆ. ಅದೇ 13ನೇ ಕಲಂ .22 ರೈಫಲ್ಲನ್ನು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆಂದು ಹೇಳುತ್ತದೆ. ಸಾಧಾರಣ ಕೋವಿಯಲ್ಲೇ ಪಂದ್ಯ ನಡೆಯುವ ಸಂಪ್ರದಾಯ ಉಳಿದಿರುವುದು ಕೊಡಗಿನಲ್ಲಿ. ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ, .22, 12 ಬೋರ್, ಏರ್‌ಗನ್ ಎಂದು ವಿಭಾಗ ಮಾಡಿಕೊಳ್ಳುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, ಅದು 2029ರವರೆಗೆ ಮುಂದುವರಿದಿದೆ. ಮನೆಯ ಕೋವಿಯಿಂದ ವರ್ಷಕ್ಕೊಮ್ಮೆಯಾದರೂ ಎಲ್ಲರೆದುರು ಗುರಿ ಹೊಡೆಯುವ ಪದ್ಧತಿ ಕೈಯನ್ನೂ ಕೋವಿಯನ್ನೂ ಸರಿಯಾಗಿಡುತ್ತದೆ. ನಮ್ಮ ಮೂರು ತಾಲ್ಲೂಕುಗಳ ಬಹಳಷ್ಟು ಪರವಾನಗಿದಾರರು ಅಭ್ಯಾಸವೇ ಇಲ್ಲದೆ ಕತ್ತಲಲ್ಲಿ ಮೊದಲ ಈಡು ಹೊಡೆಯುತ್ತಾರೆ. 2016ರ ಶಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನು ಕೇಳಿರುವುದು ಒಳ್ಳೆಯದೇ ಆಯಿತು.

ಸದ್ದು ಸಾಕು, ಕೋವಿ ಬೇಡ

ಮೂರನೆಯ ಪಕ್ಷ ಹೊಸದು, ಬೇಗ ಬೆಳೆಯುತ್ತಿದೆ. ಪ್ರಾಣಿ ಹೋದರೆ ಸಾಕು, ಸಾಯಬೇಕಿಲ್ಲ ಎಂಬುದು ಇವರ ನಿಲುವು. ಸೋಲಾರ್ ಬೇಲಿ, ನಾಯಿ, ಪಟಾಕಿ, ಪಿವಿಸಿ ಪೈಪಿನ ಕಾರ್ಬೈಡ್ ಗನ್ ಇವರ ಸಲಕರಣೆ. ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನ ರೈತರೊಬ್ಬರು 2019ರಲ್ಲಿ ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ತಿರುಗಿಸಿ ದೇಶಕ್ಕೇ ಸುದ್ದಿಯಾದರು. ಮಂಗ ಹೆದರಿದ್ದನ್ನು ಅವರು ಕಂಡಿದ್ದರು.

ಕಾರ್ಬೈಡ್ ಗನ್ ತೂಕದಲ್ಲಿ ಎಲ್ಲವನ್ನೂ ಸೋಲಿಸುತ್ತದೆ, ಬೆಲೆಯಲ್ಲೂ. ಆದರೆ ಅದು ಆಟಿಕೆಯಲ್ಲ. 2025ರ ದೀಪಾವಳಿಯಲ್ಲಿ ಭೋಪಾಲ್ ಮತ್ತು ಸುತ್ತಮುತ್ತ ಇದೇ ಬಗೆಯ ಗನ್ ಹಿಡಿದ ಎಷ್ಟೋ ಮಕ್ಕಳ ಕಣ್ಣಿಗೆ ಗಾಯವಾಯಿತು. ಹೊತ್ತಲಿಲ್ಲವೆಂದು ಪೈಪಿನೊಳಗೆ ಇಣುಕುವ ಆ ಅಭ್ಯಾಸ ಕೇಪಿನ ಕೋವಿಯ ಕಾಲದ್ದೇ. ಸದ್ದಿಗೆ ಇನ್ನೊಂದು ಮಿತಿಯಿದೆ. ಅಪಾಯವಿಲ್ಲದ ಸದ್ದನ್ನು ಮಂಗ ಬೇಗ ಗುರುತಿಸಿಬಿಡುತ್ತದೆ, ಒಂದು ತೋಟದಿಂದ ಅಟ್ಟಿದ ಹಿಂಡು ಪಕ್ಕದವರ ತೋಟಕ್ಕೆ ಇಳಿಯುತ್ತದೆ.

ಮಂಗನ ವಿಷಯದಲ್ಲಿ ನಾನು ಈ ಪಕ್ಷದ ಜೊತೆಗಿದ್ದೇನೆ, ಅದಕ್ಕೆ ದಯೆಯಷ್ಟೇ ಕಾರಣವಲ್ಲ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ 2018–19ರಲ್ಲಿ ಸಾಗರದ ಅರಲಗೋಡಿನಲ್ಲಿ ಜನರ ಜೀವ ತೆಗೆದದ್ದನ್ನು ನಾವು ಕಂಡಿದ್ದೇವೆ. ಕಾಯಿಲೆ ತಗುಲಿದ ಮಂಗ ಸತ್ತು ಬಿದ್ದಲ್ಲಿ ಅದರ ಮೈಯ ಉಣುಗು ಸುತ್ತಲೂ ಇಳಿಯುತ್ತದೆ. ಮಂಗವನ್ನು ಕೊಂದು ತೋಟದಲ್ಲಿ ಬಿಡುವುದು ಮನೆಯ ಜನರಿಗೇ ಆಪತ್ತು.

ತಂತಿಗೆ ಕರೆಂಟು ಕೊಡುವುದು, ಉರುಳು ಇಡುವುದು, ಸಿಡಿಮದ್ದಿನ ಉಂಡೆ ಎಸೆಯುವುದನ್ನು ಯಾವ ಪಕ್ಷದ ವಾದವೆಂದೂ ಲೆಕ್ಕಕ್ಕೆ ಹಿಡಿಯಲಾಗದು. ಅವು ಹಂದಿ ಯಾವುದು, ಹಸು ಯಾವುದು, ಮಗು ಯಾವುದು ಎಂದು ನೋಡುವುದಿಲ್ಲ.

ಕಾನೂನು ಎಳೆದ ಗೆರೆ

ಬೆಳೆ ರಕ್ಷಣೆಯ ಪರವಾನಗಿ ಕೊಲ್ಲುವ ಪರವಾನಗಿಯಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ವನ್ಯಜೀವಿ ಕಾಯ್ದೆಯ 11ನೇ ಕಲಂ ಪ್ರಕಾರ ಬೆಳೆಗೆ ಹಾನಿ ಮಾಡುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅಪ್ಪಣೆ ಬೇಕು. ಕಾಡುಹಂದಿ ಆ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯಲ್ಲಿ ನಮ್ಮ ಕಡೆಯ ಮಂಗ ಮೊದಲನೇ ಅನುಸೂಚಿಗೆ ಏರಿತು. ಅಲ್ಲಿ ಬೆಳೆನಷ್ಟ ಒಂದು ಕಾರಣವೇ ಅಲ್ಲ. ಜೀವ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಹೊಡೆದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ್ದು. ಲೈಸೆನ್ಸ್ ಬೇಡದ ಏರ್‌ಗನ್ನಿನಿಂದ ಹೊಡೆದರೂ ಬೇಟೆ ಬೇಟೆಯೇ.

ಕೇಂದ್ರ ಸರ್ಕಾರ ಅದೇ ಕಾಯ್ದೆಯ 62ನೇ ಕಲಮಿನಡಿ ನಿರ್ದಿಷ್ಟ ಪ್ರದೇಶ, ನಿರ್ದಿಷ್ಟ ಅವಧಿಗೆ ಪ್ರಾಣಿಯೊಂದನ್ನು ಪೀಡಕವೆಂದು ಸಾರಬಹುದು. 2015–16ರಲ್ಲಿ ಬಿಹಾರದಲ್ಲಿ ನೀಲಗಾಯಿ ಮತ್ತು ಹಂದಿಗೆ, ಉತ್ತರಾಖಂಡದಲ್ಲಿ ಹಂದಿಗೆ, ಹಿಮಾಚಲದಲ್ಲಿ ಕೋತಿಗೆ ಹಾಗೆ ಮಾಡಿತ್ತು. ಕೇರಳ 2022ರಲ್ಲಿ ಬೇರೆ ದಾರಿ ಹಿಡಿದು, ಹಂದಿ ಹೊಡೆಸುವ ಅಪ್ಪಣೆಯ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರವರೆಗೆ ಇಳಿಸಿತು. ಅರಣ್ಯ ಕಚೇರಿಗೆ ಅರ್ಜಿ ಕೊಟ್ಟು ಉತ್ತರ ಬರುವ ಹೊತ್ತಿಗೆ ಗದ್ದೆ ಕುಯ್ಲಾಗಿರುತ್ತದೆ ಎನ್ನುವ ನಮ್ಮ ರೈತರಿಗೆ ಈ ಎರಡನೆಯ ದಾರಿ ಹೆಚ್ಚು ಹತ್ತಿರದ್ದಾಗಿ ಕಾಣುತ್ತದೆ.

ತೀರ್ಮಾನವಾಗದೆ ಉಳಿದವು

ಹಂದಿಗಳನ್ನು ಅಲ್ಲೊಂದು ಇಲ್ಲೊಂದು ಹೊಡೆಯುವುದರಿಂದ ಬೆಳೆನಷ್ಟ ನಿಜಕ್ಕೂ ಇಳಿಯುತ್ತದೆಯೇ? ಬೇಗ ಮರಿಹಾಕಿ ಹೆಚ್ಚುವ ಪ್ರಾಣಿಯಾದ್ದರಿಂದ ಈ ಬಗ್ಗೆ ಅರಣ್ಯ ಇಲಾಖೆಯವರೂ ರೈತರೂ ಒಮ್ಮತಕ್ಕೆ ಬಂದಿಲ್ಲ. ಮಂಗಕ್ಕೆ ಸಂತಾನಹರಣವೋ, ಪುನರ್ವಸತಿಯೋ? ಹೊಸನಗರ ತಾಲ್ಲೂಕಿನಲ್ಲಿ ಮಂಗಗಳ ಪಾರ್ಕ್ ಮಾಡುವ ಪ್ರಸ್ತಾವಕ್ಕೆ ಸ್ಥಳೀಯರಿಂದಲೇ ವಿರೋಧ ಬಂತು. ಒಂದು ಊರಿನ ಕಾಟವನ್ನು ಇನ್ನೊಂದು ಊರಿಗೆ ಹೊರಿಸುವ ಹಕ್ಕು ಯಾರಿಗಿದೆ ಎಂಬ ಅವರ ಪ್ರಶ್ನೆ ಹಾಗೇ ಇದೆ.

ಬೆಳೆ ರಕ್ಷಣೆಗೆ ಕೇಪಿನ ಕೋವಿಯೇ ಮೊದಲು ಎಂಬ 1959ರ ನಿಲುವನ್ನು ಯಾರೂ ಮರುಪರಿಶೀಲಿಸಿಲ್ಲ. ಚುನಾವಣೆ ಬಂದಾಗಲೆಲ್ಲ ರೈತರ ಕೋವಿ ಠಾಣೆಗೆ ಹೋಗಿ ಠೇವಣಿಯಾಗುತ್ತದೆ. ಅಪರಾಧದ ಹಿನ್ನೆಲೆ ಇಲ್ಲದವರಿಗೆ ವಿನಾಯಿತಿ ಕೊಡಿ ಎಂದು ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಯಾರಿಗೆ ವಿನಾಯಿತಿ ಎಂಬುದು ಪ್ರತಿ ಸಲವೂ ಹೊಸದಾಗಿ ಜಿಲ್ಲಾ ಸಮಿತಿಯ ಮುಂದೆ ಬರುತ್ತದೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳಲ್ಲಿ ಎಪ್ಪತ್ತು ದಾಟಿದ ಯಜಮಾನರ ಹೆಸರಿನ ಕೋವಿ ಮುಂದೆ ಯಾರ ಹೆಸರಿಗೆ ಹೋಗಬೇಕು, ಊರಿನಲ್ಲೇ ಇಲ್ಲದ ಮಗನಿಗೆ ಬೆಳೆ ರಕ್ಷಣೆಯ ಪರವಾನಗಿ ಕೊಡುವುದು ಸರಿಯೇ, ಕೊಡದಿದ್ದರೆ ಆ ತೋಟವನ್ನು ರಾತ್ರಿ ಯಾರು ಕಾಯಬೇಕು ಎಂಬುದಕ್ಕೆ ಕಾಯ್ದೆಯಲ್ಲೂ ಉತ್ತರವಿಲ್ಲ, ಊರಿನಲ್ಲೂ ಇಲ್ಲ.